ಗೀಟು ಹೊಡೆದ ಸಾಲು

“ಇಲ್ಲೊಂದು ಸೈನ್ ಹಾಕಿಬಿಡಿ ಅಮ್ಮ,” ಎಂದು ಎಳೆಯ ಡಾಕ್ಟರ್ ಕಾಗದವನ್ನು ಮುಂದೆ ತಳ್ಳಿದ.

ಅಡುಗೆಯಾಕೆ ಪೆನ್ನು ಮುಟ್ಟಲಿಲ್ಲ. ಹಾಸ್ಟೆಲ್ಲಿನ ಎಂಬತ್ತು ಮಕ್ಕಳಿಗೆ ಬೇಯಿಸಿ ಹಾಕುವ ಅವಳು, ಸಕ್ಕರೆ ಕಾಯಿಲೆಯ ಹೊಸ ಚುಚ್ಚುಮದ್ದಿನ ಸಂಶೋಧನೆಗೆ ಸೇರಿ ಆರು ತಿಂಗಳಾಗಿತ್ತು. ಅಕ್ಷರ ಕಲಿತದ್ದು ತಡವಾಗಿ. ಹಾಗಾಗಿ ಏನೇ ಕೊಟ್ಟರೂ ಸಾಲು ಬಿಡದೆ, ಬೆರಳಿಟ್ಟು ಓದುವುದು ಅವಳ ಅಭ್ಯಾಸ. ಮದ್ದಿನಿಂದಾದ ತೊಂದರೆಗಳ ಪಟ್ಟಿ ಅದು. ವಾಂತಿ, ಇಲ್ಲ. ತಲೆಸುತ್ತು, ಇಲ್ಲ. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು. ‘ಬೇರೆ ತೊಂದರೆ’ ಎಂಬುದರ ಮುಂದಿನ ಖಾಲಿ ಜಾಗಕ್ಕೆ ಸ್ಕೇಲಿಟ್ಟು ಗೀಟು ಹೊಡೆದಿತ್ತು.

“ಡಾಕ್ಟರಪ್ಪ, ನಾನಿನ್ನೂ ಬಾಯೇ ಬಿಟ್ಟಿಲ್ಲ. ಆಗಲೇ ಗೀಟು ಹೊಡೆದುಬಿಟ್ರಾ?”

“ಎಲ್ಲರ ಕಾಗದಕ್ಕೂ ಬೆಳಿಗ್ಗೆಯೇ ಹೊಡೆದಿಡ್ತೀವಮ್ಮ, ಕೆಲಸ ಬೇಗ ಆಗ್ಲಿ ಅಂತ. ನಿಮಗೇನಾಗಿದೆ? ಹದಿಮೂರು ಕಿಲೋ ಇಳಿದಿದ್ದೀರಿ, ಸಕ್ಕರೆ ಹತೋಟಿಗೆ ಬಂದಿದೆ.”

“ಬಂದಿದೆ, ಯಾರು ಇಲ್ಲ ಅಂದ್ರು? ಆದ್ರೆ ನಾಲಿಗೆ ಸತ್ತುಹೋಗಿದೆ. ಉಪ್ಪು ಜಾಸ್ತಿಯಾಯ್ತಾ, ಕಮ್ಮಿಯಾಯ್ತಾ, ಒಂದೂ ತಿಳಿಯಲ್ಲ. ಮಕ್ಕಳು ಮೂರು ಸಲ ತಟ್ಟೆ ಸರಿಸಿದ್ರು. ಇನ್ನೊಂದು ಸಲ ಹಾಗಾದ್ರೆ ಬೇರೆಯವರನ್ನ ನೋಡ್ಕೋತೀನಿ ಅಂದಿದ್ದಾರೆ ವಾರ್ಡನ್ನು.”

ಮೂಲೆಯಲ್ಲಿ ಸಿರಿಂಜು ಜೋಡಿಸುತ್ತಿದ್ದ ನರ್ಸಿನ ಕೈ ನಿಂತಿತು.

ಡಾಕ್ಟರ್ ನಕ್ಕ. “ಹಸಿವು ಕಮ್ಮಿ ಮಾಡೋದೇ ಈ ಮದ್ದಿನ ಕೆಲಸ. ರುಚಿಗಿಚಿ ಎಲ್ಲ ನಿಮ್ಮ ಭ್ರಮೆ. ಅಷ್ಟು ಕಷ್ಟ ಅನ್ನಿಸಿದ್ರೆ ಬಿಟ್ಟುಬಿಡಿ.”

“ಬಿಡೋದಾ? ಇದೇ ಸಕ್ಕರೆಗೆ ನಮ್ಮಮ್ಮ ಒಂದು ಕಾಲು ಕೊಟ್ಟಳು. ನಾನು ಮದ್ದೂ ಬಿಡಲ್ಲ, ಒಲೆನೂ ಬಿಡಲ್ಲ. ಬಾಯಿ ಮುಚ್ಕೊಂಡಂತೂ ಇರಲ್ಲ.”

ಅವಳು ಚೀಲದಿಂದ ಸಣ್ಣ ಡಬ್ಬಿ ತೆಗೆದಳು. ಒಳಗೆ ಬೇಯಿಸಿದ ತರಕಾರಿ, ಇನ್ನೂ ಬೆಚ್ಚಗಿತ್ತು. “ಮಧ್ಯಾಹ್ನ ಮಕ್ಕಳಿಗೆ ಬಡಿಸಬೇಕಾದ್ದು. ನಿಮ್ಮ ನಾಲಿಗೆ ನೆಟ್ಟಗಿದೆಯಲ್ಲ, ಉಪ್ಪು ನೋಡಿ.”

“ಅಯ್ಯೋ, ಇಲ್ಲೆಲ್ಲ ಅದು…”

“ಆರು ತಿಂಗಳು ನೀವು ಚುಚ್ಚಿದ್ದಕ್ಕೆ ನಾನು ಬೇಡ ಅಂದ್ನಾ? ಒಂದು ಚಮಚ ತಿನ್ನಿ.”

ಅವನು ಬಾಯಿಗಿಟ್ಟುಕೊಂಡ. ಮುಖ ಕಿವುಚಿದ. ಕೈ ನೀರಿನ ಬಾಟಲಿ ತಡಕಾಡಿತು.

ಅಡುಗೆಯಾಕೆ ಡಬ್ಬಿಯ ಮುಚ್ಚಳ ಒತ್ತಿ, ಕಾಗದವನ್ನು ಅವನ ಕಡೆಗೇ ತಿರುಗಿಸಿದಳು. “ನನ್ನ ಪಾತ್ರೆ ಉಪ್ಪನ್ನ ಊಟದ ಹೊತ್ತಿಗೆ ನಾನು ಸರಿಮಾಡ್ಕೋತೀನಿ. ನಿಮ್ಮ ಕಾಗದ ನೀವು ಸರಿಮಾಡಿ. ನಾನು ಕೂತಿರ್ತೀನಿ.”

ನರ್ಸು ಸದ್ದಿಲ್ಲದೆ ಬಂದು, ಮೇಜಿನ ಮೇಲಿದ್ದ ಸ್ಕೇಲನ್ನು ಎತ್ತಿಕೊಂಡು ಹೋದಳು.