ಮಗಳ ಅಂಜಿಕೆ

ಆಸ್ಪತ್ರೆಯ ಒಂಬತ್ತನೆಯ ಕೋಣೆಯಲ್ಲಿ ರೋಗಿಯ ಅಂಜಿಕೆಯನ್ನು ತೆಗೆದು, ರಕ್ತಸಂಬಂಧಿಯೊಬ್ಬರ ತೋಳಿಗೆ ಪಟ್ಟಿ ಕಟ್ಟಿ ಅವರ ಮೈಗೆ ಒಂದು ತಾಸು ಹಚ್ಚುತ್ತಿದ್ದರು. ಅಷ್ಟು ಹೊತ್ತಾದರೂ ರೋಗಿ ಹಗುರಾಗಿ ನಿದ್ದೆ ಮಾಡಲಿ ಎಂದು. ಕಸ್ತೂರಿಯ ಅಂಜಿಕೆ ಹೊರಲು ತಾಯಿ ನೀಲವ್ವ ಬಂದಿದ್ದಳು.

"ಗಂಡನ ಮನಿಗೆ ಹೋಗು ಅಂದ್ರ ಗಡಗಡ ನಡಗತಾಳ್ರಿ. ಅಂಥಾದ್ದೇನೈತಿ, ನಾನೂ ನೋಡೇಬಿಡ್ತೀನಿ" ಎಂದು ನರ್ಸಮ್ಮನ ಮುಂದೆ ತೋಳು ಚಾಚಿದಳು.

ಪಟ್ಟಿ ಕಟ್ಟಿ ಅರ್ಧ ತಾಸಾದರೂ ನೀಲವ್ವನಿಗೆ ಏನೂ ಅನಿಸಲಿಲ್ಲ. ಪಕ್ಕದ ಮಂಚದಲ್ಲಿ ಕಸ್ತೂರಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

ಅಷ್ಟರಲ್ಲಿ ಕಿಟಕಿಯಾಚೆ ಮೋಟಾರ್ ಸೈಕಲ್ ಬಂದು ನಿಂತಿತು. ಅಳಿಯನದು. ಬಂದು ಹೆಂಡತಿಯನ್ನು ಕರೆದುಕೊಂಡು ಹೋಗಲಿ ಎಂದು ನೀಲವ್ವನೇ ಹೇಳಿಕಳಿಸಿದ್ದಳು. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಅವಳ ಕೈ ತಾನಾಗಿ ಮೇಲೆದ್ದು ಎಡಗೆನ್ನೆಯನ್ನು ಮುಚ್ಚಿಕೊಂಡಿತು. ಇನ್ನೊಂದು ಕೈ ಹೊಟ್ಟೆಗೆ ಅಡ್ಡ ಹೋಯಿತು.

"ಅತ್ತಿ, ಆತೇನ್ರಿ? ನಿಮ್ಮ ಮಗಳ ನಾಟಕ ಮುಗೀತಿಲ್ಲೋ?" ಅಳಿಯ ನಗುತ್ತ ಒಳಗೆ ಬರುತ್ತಿದ್ದ.

ನೀಲವ್ವ ತತ್ತರಿಸುತ್ತಲೇ ಎದ್ದು ಅವನ ಎದುರಿಗೇ ಬಾಗಿಲು ಮುಚ್ಚಿ, ಚಿಲಕ ಹಾಕಿದಳು.

"ಆಕಿ ಬರಂಗಿಲ್ರಿ. ನೀವು ಹೋಗ್ರಿ."

ಅಳಿಯ ಬಾಗಿಲು ದಬದಬ ಬಡಿಯತೊಡಗಿದ. ನೀಲವ್ವನ ನಡುಕ ಕಂಡು ನರ್ಸಮ್ಮ ಪಟ್ಟಿ ಬಿಚ್ಚಲು ಬಂದಳು.

"ಬ್ಯಾಡ್ರಿ" ಎಂದಳು ನೀಲವ್ವ, ಬಾಗಿಲಿಗೆ ಬೆನ್ನು ಕೊಟ್ಟು. "ಮೊದಲು ಪೊಲೀಸರಿಗೆ ಫೋನ್ ಹಚ್ರಿ."