ಒಬ್ಬಳೇ ಮಾನಮ್ಮ

“ತಪ್ಪು ನಿಮ್ಮ ಪ್ರೋಗ್ರಾಂದ್ದೇ ಅದ,” ಎಂದ ಆಸ್ಪತ್ರೆಯ ದಾಖಲೆ ನೋಡಿಕೊಳ್ಳುವ ಓಂಕಾರ್.

ಆ ಪ್ರೋಗ್ರಾಂ ಬರೆದ ನೀಲಿಮಾಳಿಗೆ ವಾದಿಸುವ ತ್ರಾಣವೇ ಉಳಿದಿರಲಿಲ್ಲ. ಪುಣೆಯ ಹಡಪಸರದ ಆ ಹೆರಿಗೆ ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಹಾಕಿದಂದಿನಿಂದ ಅವಳಿಗೆ ನೆಟ್ಟಗೆ ನಿದ್ದೆಯಿಲ್ಲ. ವಿಮಾನ ನಗರದ ಕಚೇರಿಯಿಂದ ಇಲ್ಲಿಗೆ ಓಡಾಡಿಯೇ ಸಾಕಾಗಿತ್ತು.

ಮೊದಲ ವಾರದ ತಪ್ಪು ಮಾತ್ರ ನಿಜಕ್ಕೂ ಅವಳದೇ. ಎರಡು ಹೆಸರುಗಳ ಅಕ್ಷರಗಳು ಒಂದೇ ಆಗಿವೆಯೇ ಎಂದು ಕೇಳುವ ಬದಲು, ಅವೆರಡೂ ಕಂಪ್ಯೂಟರಿನ ನೆನಪಿನಲ್ಲಿ ಒಂದೇ ಜಾಗದಲ್ಲಿವೆಯೇ ಎಂದು ಪ್ರೋಗ್ರಾಂ ಕೇಳುತ್ತಿತ್ತು. ಹಾಗಾಗಿ ಹಳೆಯ ರೋಗಿಗಳೆಲ್ಲ ಹೊಸಬರಾಗಿಬಿಟ್ಟಿದ್ದರು. ಬೈಸಿಕೊಂಡು ತಿದ್ದಿದ್ದಳು. ಈಗ ಹೆಸರು, ಊರು, ಗಂಡನ ಹೆಸರು, ರಕ್ತದ ಗುಂಪು ಎಲ್ಲವೂ ಹೊಂದಿದರೆ ಒಬ್ಬರೇ. ಒಂದು ತಪ್ಪಿದರೂ ಬೇರೆ.

ಇವತ್ತು ತಪ್ಪಿದ್ದು ಮಾನಮ್ಮನ ವಿಷಯದಲ್ಲಿ. ಶಹಾಪುರದ ಕಡೆಯವಳು, ಕಟ್ಟಡ ಕೂಲಿ ತಾಯಪ್ಪನ ಹೆಂಡತಿ. ಹಿಂದೆ ಇದೇ ಆಸ್ಪತ್ರೆಯಲ್ಲಿ ಹೆಣ್ಣು ಹೆತ್ತಿದ್ದಳು. ಆಗ ರಕ್ತ ‘ಎ’ ಗುಂಪು. ಇವತ್ತಿನ ಪರೀಕ್ಷೆಯಲ್ಲಿ ‘ಬಿ’. ಕಂಪ್ಯೂಟರು ಅವಳನ್ನು ಹೊಸಬಳೆಂದು ದಾಖಲಿಸಿತ್ತು. ಮೈಯಲ್ಲಿ ರಕ್ತ ಕಡಿಮೆ, ಆಪರೇಷನ್‌ಗೆ ಮೊದಲು ರಕ್ತ ಕೊಡಲೇಬೇಕು. ಗುಂಪು ಇತ್ಯರ್ಥವಾಗದೆ ಡಾಕ್ಟರು ಮುಂದುವರಿಯಲು ಒಪ್ಪಲಿಲ್ಲ.

“ರಕ್ತದ ಗುಂಪು ಹೋಲಿಸೂದು ತಗದ್‌ಬಿಡ್ರಿ,” ಎಂದ ಓಂಕಾರ್. “ಉಳಿದದ್ದೆಲ್ಲಾ ಒಂದೇ ಅದ. ಅಂದಮ್ಯಾಲೆ ಹೆಂಗಸೂ ಒಬ್ಬಾಕೇ.”

ತೆಗೆದರೆ ಹಳೆಯ ‘ಎ’ ಉಳಿಯುತ್ತಿತ್ತು; ಗುಂಪು ತಪ್ಪಿದ ರಕ್ತ ಏರಿಸಿದರೆ ಜೀವಕ್ಕೇ ಅಪಾಯ. ನೀಲಿಮಾ ಕೀಬೋರ್ಡ್ ಮುಟ್ಟಲಿಲ್ಲ. ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಎಂದು ಡಾಕ್ಟರನ್ನು ಬೇಡಿಕೊಂಡಳು.

ಹೊರಗೆ ಬೆಂಚಿನ ಮೇಲೆ ನಿದ್ದೆಹೋಗಿದ್ದ ಮಗಳನ್ನು ಹೆಗಲಿಗೆ ಹಾಕಿಕೊಂಡು ತಾಯಪ್ಪ ಕೂತಿದ್ದ. ಮಾನಮ್ಮ ಎಂಬ ಹೆಸರಿನವರು ಮನೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ನೀಲಿಮಾ ಕೇಳಿದಳು.

ಅವನು ನೆಲ ನೋಡುತ್ತ ಹೇಳಿದ: “ನನಗ ಇರಾಕಿ ಒಬ್ಬಾಕೇರಿ.”

ನರ್ಸ್ ಮರಾಠಿಯಲ್ಲಿ ಗೊಣಗುತ್ತ ಹಾದುಹೋದಳು. ಎರಡನೆಯ ಹೆರಿಗೆಯಂತೆ, ಆದರೂ ಚೊಚ್ಚಲಿನವಳಂತೆ ನಡುಗುತ್ತಿದ್ದಾಳಂತೆ. ಹೆಸರು ಹಿಡಿದು ಕೂಗಿದರೆ ಓಗೊಡುವುದೂ ತಡವಂತೆ.

ಮರುಪರೀಕ್ಷೆಯಲ್ಲೂ ‘ಬಿ’ ಬಂತು. ಹಳೆಯ ದಾಖಲೆಯೇ ತಪ್ಪಿರಬೇಕು ಎಂದು ಡಾಕ್ಟರು ‘ಬಿ’ ರಕ್ತ ತರಿಸಿದರು. ಸಂಜೆಗೆ ಮುಂಚೆ ಗಂಡುಮಗುವಾಯಿತು. ತಾಯಿಯೂ ಉಳಿದಳು.

ಮರುದಿನ ನೀಲಿಮಾ ವಾರ್ಡಿಗೆ ಹೋದಳು. ಧಾರವಾಡದವಳಾದ ನೀಲಿಮಾಳ ಕನ್ನಡ ಕೇಳಿ ಬಾಣಂತಿಯ ಮುಖ ಸಡಿಲಾಯಿತು. ಪಕ್ಕದಲ್ಲಿ ಮಗಳು ಅವಳ ಸೆರಗು ಹಿಡಿದು ನಿದ್ದೆಹೋಗಿದ್ದಳು. ಕಂಪ್ಯೂಟರಿನಲ್ಲಿ ನಿನ್ನ ಹೆಸರು ಎರಡು ಸಲ ಬಂದಿದೆ, ಹಳೆಯದರಲ್ಲಿ ನಮ್ಮಿಂದಲೇ ರಕ್ತದ ಗುಂಪು ತಪ್ಪಾಗಿರಬೇಕು, ಅದನ್ನು ಅಳಿಸಿಬಿಡುತ್ತೇನೆ ಎಂದು ನೀಲಿಮಾ ದಣಿದ ದನಿಯಲ್ಲಿ ವಿವರಿಸಿದಳು.

ಬಾಣಂತಿ ಅವಳ ಕೈ ಹಿಡಿದುಕೊಂಡಳು.

“ಅಳಸಬ್ಯಾಡ್ರಿ ಬಾಯಾರ, ಅದು ನಮ್ಮ ಅಕ್ಕಂದು. ಆಕಿ ಸತ್ತ ಮ್ಯಾಲೆ ಈ ಕೂಸಿಗೆ ಅವ್ವ ಇಲ್ಲ ಅಂತ ಯಾರೂ ಅನಬಾರದಂತ, ನಾ ದುರ್ಗಾ ಇದ್ದಾಕಿ ಮಾನಮ್ಮ ಆದೆ.”