ಕರಿದಾರದ ಕತ್ತಿ

ಲವಂಗದೆಣ್ಣೆಯ ವಾಸನೆ ಬಂದರೆ ಇವತ್ತಿಗೂ ನನ್ನ ಕೈ ಕೆನ್ನೆಗೆ ಹೋಗುತ್ತದೆ.

ಬ್ರಿಟಿಷರ ಕಾಲ ಅದು. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಅಪ್ಪನಿಗೆ ಹಳೆಯ ವಿಲಾಯಿತಿ ಕ್ಷೌರದ ಕತ್ತಿಯೊಂದು ಅಗ್ಗಕ್ಕೆ ಬೇಕಿತ್ತು. ಸೋಮವಾರಪೇಟೆಯ ಹಳೇ ಸಾಮಾನಿನ ಅಂಗಡಿಗಳಿಗೆಲ್ಲ ನನ್ನನ್ನೂ ಸುತ್ತಾಡಿಸಿದರು. ಕೊನೆಯ ಅಂಗಡಿಯಲ್ಲಿ ದಂತದ ಹಿಡಿಯದೊಂದು ಸಿಕ್ಕಿತು. ತುಕ್ಕು ಹಿಡಿಯದಿರಲೆಂದು ಅದಕ್ಕೆ ಲವಂಗದೆಣ್ಣೆ ಸವರಿದ್ದರು.

"ಸತ್ತ ದೊರೆಯ ಬಂಗಲೆಯದು, ಸ್ವಾಮಿ," ಎಂದ ಅಂಗಡಿಯವನು. ಅಪ್ಪ ಅರ್ಧ ಬೆಲೆಗೆ ಕೇಳಿದರು. ಅವನು ಚೌಕಾಸಿಯನ್ನೇ ಮಾಡದೆ ಕೊಟ್ಟುಬಿಟ್ಟ.

ಹಿಡಿಗೆ ಸುತ್ತಿದ್ದ ಕರಿದಾರ ಬೆಲೆಚೀಟಿಯದಿರಬೇಕೆಂದು ಅಪ್ಪ ಕಿತ್ತೆಸೆದರು. ನಾನು ಅದನ್ನು ಎತ್ತಿ ಬೆರಳಿಗೆ ಸುತ್ತಿಕೊಂಡೆ.

ಮನೆಗೆ ಬಂದವರೇ ಅಪ್ಪ ಜಗಲಿಯಲ್ಲಿ ಕನ್ನಡಿ ಇಟ್ಟುಕೊಂಡು ಕೂತರು. ಎಡಗೆನ್ನೆ ಮುಗಿಯುವ ಹೊತ್ತಿಗೆ ಅಜ್ಜಿ ನನ್ನ ಬೆರಳು ನೋಡಿದರು.

"ಈ ದಾರ ಎಲ್ಲಿಂದ ಬಂತೇ?"

"ಕತ್ತಿದು, ಅಜ್ಜಿ."

ಅಜ್ಜಿ ಅಪ್ಪನ ಕಡೆ ತಿರುಗಿದರು. "ಅಯ್ಯೋ, ಹೆಣದ ಮುಖ ಬೋಳಿಸಿದ ಕತ್ತಿಗೆ ಕಣೋ ಕರಿದಾರ ಕಟ್ಟೋದು! ಬದುಕಿರೋರಿಗೆ ಮುಟ್ಟಿಸಬಾರದು ಅಂತ."

ಅಪ್ಪ ನಕ್ಕರು. ಆದರೆ ಬಲಗೆನ್ನೆಯನ್ನು ಹಾಗೇ ಬಿಟ್ಟು ಎದ್ದರು.

ವಾರ ಕಳೆಯುವಷ್ಟರಲ್ಲಿ ಬಲಗೆನ್ನೆಯ ಗಡ್ಡ ಚುಚ್ಚುತ್ತಿತ್ತು. ಎಡಗೆನ್ನೆಯನ್ನು ನಾನು ದಿನವೂ ಮುಟ್ಟಿ ನೋಡುತ್ತಿದ್ದೆ. ಅದು ನುಣ್ಣಗೆ, ತಣ್ಣಗೆ, ಹಾಗೆಯೇ ಇತ್ತು.